ಲವ್‌ಡೇ ಟ್ರೆಗಿಯರ್ ಅಡುಗೆಮನೆಯ ನೆಲ

ಹಾರ್ಲನ್ ಊರಿನಲ್ಲಿ ಈಗ ಯಾರೂ ವಾಸವಿಲ್ಲ, ಆದರೂ ಆ ಊರಿಗೆ ಪುರುಸೊತ್ತಿಲ್ಲ. ಬೇಸಿಗೆ ಬಂತೆಂದರೆ ಗುಡ್ಡದ ಮಣ್ಣುದಾರಿಯಲ್ಲಿ ಕಾರುಗಳ ಸಾಲು. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಜನ ಮುರಿದ ಬಂಡಿ ಕಂಡರೆ ಒಂದು ಫೋಟೋ ಹೊಡೆಯುತ್ತಾರೆ, ವಾಲಿದ ಕಕ್ಕಸು ಕಂಡರೆ ನಾಲ್ಕು ಹೊಡೆಯುತ್ತಾರೆ. ಚಿನ್ನದ ಹುಚ್ಚಿಗೆ ಬಂದವರು, ಚಿನ್ನ ಮುಗಿದ ಕೂಡಲೇ ಉಂಡ ತಟ್ಟೆ ಬಿಟ್ಟು ಓಡಿದರಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಲೊಚಗುಟ್ಟುತ್ತಾರೆ, ತಂದ ಸ್ಯಾಂಡ್‌ವಿಚ್ ತಿಂದು ಹೊರಡುತ್ತಾರೆ. ಹಾಗೆ ಓಡಿದವರ ಮಕ್ಕಳು ಇನ್ನೂ ಬದುಕಿದ್ದಾರೆ, ಗುಡ್ಡದ ಕೆಳಗೆ ನಮ್ಮ ಬಿಷಪ್ ಪೇಟೆಯಲ್ಲೇ ಇದ್ದಾರೆ, ಪೆಟ್ರೋಲ್ ಬಂಕಿನ ಸಾಲಿನಲ್ಲಿ ತಮ್ಮ ಹಿಂದೆಯೇ ನಿಂತಿರಬಹುದು ಎಂಬುದು ಆ ಪುಣ್ಯಾತ್ಮರ ತಲೆಗೆ ಹೊಳೆಯುವುದಿಲ್ಲ.

ಆರ್ಡಿತ್ ಕೋಲ್ಬಿ ಅಂಥವರಲ್ಲಿ ಒಬ್ಬಳು. ಹಾರ್ಲನ್‌ನ ಮೇಲಿನ ಬೀದಿಯಲ್ಲಿ ಗಣಿ ಕೆಲಸಗಾರ ಜೋರಿ ಟ್ರೆಗಿಯರ್‌ನ ಕಿರಿಮಗಳಾಗಿ ಹುಟ್ಟಿದವಳು. ಟ್ರೆಗಿಯರ್‌ಗಳು ತಲೆತಲಾಂತರದಿಂದ ಗಣಿಯವರು. ಕಡಲಾಚೆಯ ಕಾರ್ನ್‌ವಾಲ್‌ನಲ್ಲಿ ತವರ ಅಗೆಯುತ್ತಿದ್ದವರು ಇಲ್ಲಿ ಬಂದು ಚಿನ್ನ ಅಗೆದರು. ಚಿನ್ನ ಅವರ ಮನೆಗೆ ಬಂದದ್ದು ಮಾತ್ರ ಅಪ್ಪನ ಬೂಟಿನ ಕೆಸರಿನಲ್ಲಿ ಎಷ್ಟು ಹತ್ತಿತ್ತೋ ಅಷ್ಟೇ, ಅದನ್ನೂ ಅಮ್ಮ ಲವ್‌ಡೇ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ಬೂಟು ಬಾಗಿಲಾಚೆಯೇ. ಪ್ರತಿ ಶನಿವಾರ ಅಡುಗೆಮನೆಯ ಹಲಗೆ ನೆಲವನ್ನು ಮರಳು ಮತ್ತು ಬೂದಿಸಾಬೂನು ಹಾಕಿ ಅವಳು ಉಜ್ಜುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಲವ್‌ಡೇ ಮನೆಯಲ್ಲಿ ಹಿಟ್ಟು ಚೆಲ್ಲಿದರೆ ಗುಡಿಸಿ ಮತ್ತೆ ಡಬ್ಬಕ್ಕೇ ತುಂಬಬಹುದು ಎಂದು ನೆರೆಯವರು ಗೇಲಿ ಮಾಡುತ್ತಿದ್ದರು. ಆ ಗೇಲಿಯ ಬುಡದಲ್ಲಿ ಹೊಟ್ಟೆಕಿಚ್ಚೇ ಹೆಚ್ಚಿತ್ತು.

ಮಹಾಯುದ್ಧ ಬಂದಾಗ ಚಿನ್ನದ ಗಣಿಗಳನ್ನೆಲ್ಲ ಮುಚ್ಚಿ ಎಂದು ಸರ್ಕಾರದ ಆಜ್ಞೆಯಾಯಿತು. ಅಳಿದುಳಿದಿದ್ದ ಮನೆಗಳೂ ಖಾಲಿಯಾದವು. ಎರಡು ಜಡೆ ಹಾಕಿಕೊಂಡಿದ್ದ ಆರ್ಡಿತ್ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಯ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಅಪ್ಪ ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. ಕಟ್ಟಕಡೆಗೆ ಅಮ್ಮ ಬಕೆಟ್ಟು, ಬ್ರಷ್ಷು ಹಿಡಿದು ಹೊರಬಂದಳು. ಬಿಟ್ಟುಹೋಗುವ ಮನೆಯ ನೆಲವನ್ನೂ ತೊಳೆದು ಬಂದಿದ್ದಳು, ಮುಂದೆ ಬರುವವರು ಯಾರೂ ಆಡಿಕೊಳ್ಳಬಾರದೆಂದು. ಮುಂದೆ ಯಾರೂ ಬರಲಿಲ್ಲ. ಆ ಚಳಿಗಾಲ ಕಳೆಯುವ ಮೊದಲೇ ಬಿಷಪ್‌ನ ಬಾಡಿಗೆ ಮನೆಯಲ್ಲಿ ಅಮ್ಮ ತೀರಿಕೊಂಡಳು.

ಆರ್ಡಿತ್ ಬೆಳೆದು, ಲಾರಿ ಓಡಿಸುವ ಮರ್ಲ್ ಕೋಲ್ಬಿಯನ್ನು ಮದುವೆಯಾಗಿ, ಹೆದ್ದಾರಿ ಪಕ್ಕದ ಮೋಟೆಲ್ಲಿನಲ್ಲಿ ಕೋಣೆ ಚೊಕ್ಕ ಮಾಡುವ ಕೆಲಸಕ್ಕೆ ಸೇರಿದಳು. ಪ್ರಾಯವೆಲ್ಲ ಅಲ್ಲೇ ಸವೆಯಿತು. ಕೆಲಸ ಬಿಟ್ಟ ಮೇಲೂ ಅವಳ ಕೈ ಸುಮ್ಮನಿರಲು ಕಲಿಯಲಿಲ್ಲ. ಯಾರದೋ ಮನೆಗೆ ಚಹಾಕ್ಕೆ ಹೋದರೂ ಮಾತಾಡುತ್ತಲೇ ಅವರ ಮೇಜು ಒರೆಸಿ ಬರುತ್ತಿದ್ದಳು. ಕೆಲವರು ಅದನ್ನು ಅವಮಾನವೆಂದು ತಿಳಿದು ಮತ್ತೆ ಕರೆಯಲಿಲ್ಲ. ಮರ್ಲ್ ಸತ್ತ ಮೇಲೆ ಅವನ ಕ್ಯಾಮೆರಾ ಇವಳ ಪಾಲಿಗೆ ಬಂತು, ಆದರೆ ಕೌಶಲ ಬರಲಿಲ್ಲ. ಅವಳು ತೆಗೆದ ಫೋಟೋಗಳಲ್ಲಿ ಯಾರಿಗೂ ತಲೆ ಇರುತ್ತಿರಲಿಲ್ಲ. ತಂಗಿಯ ಆಲ್ಬಂ ನೋಡಿದರೆ ನೆಂಟರನ್ನು ಷೂ ನೋಡಿಯೇ ಗುರುತು ಹಿಡಿಯಬೇಕು ಎಂದು ಅಕ್ಕ ಥರ್ಜಾ ಹಾಸ್ಯ ಮಾಡುತ್ತಿದ್ದಳು.

ಥರ್ಜಾ ಮದುವೆಯಾದವಳಲ್ಲ. ಅಮ್ಮ ಹೋದ ಮೇಲೆ ಆರ್ಡಿತ್‌ಗೆ ಜಡೆ ಹೆಣೆದವಳು, ಬೈದು ಬೆಳೆಸಿದವಳು ಅವಳೇ. ಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಊರಿನವರ ಗುಟ್ಟನ್ನೆಲ್ಲ ಕಿವಿಯಾರೆ ಕೇಳಿದ್ದಳು, ಒಂದನ್ನೂ ಬಾಯಿಬಿಟ್ಟವಳಲ್ಲ. ನಾಲಿಗೆ ಹರಿತ, ಹೊಟ್ಟೆಯೊಳಗಿನ ಮಾತಿಗೆ ಮಾತ್ರ ಬೀಗ. ಈಗ ಎದೆ ಸೋತು, ಕಾಲು ಬಾತು, ವೃದ್ಧರ ಆರೈಕೆಮನೆಯ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದಳು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಆರ್ಡಿತ್‌ಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಒಂದು ಭಾನುವಾರ ಚರ್ಚಿನ ಹೆಂಗಸರು ಮುದುಕರಿಗೆ ಖುಷಿಯಾಗಲೆಂದು ಸುತ್ತಮುತ್ತಲ ಜಾಗಗಳ ಚಿತ್ರದ ಕಾರ್ಡುಗಳನ್ನು ಹಂಚಿದರು. ಯಾರಿಗೋ ಸರೋವರ, ಯಾರಿಗೋ ಹಿಮದ ಬೆಟ್ಟ. ಥರ್ಜಾಳ ಕೈಗೆ ಬಂದದ್ದು ಒಂದು ಅಡುಗೆಮನೆ. ಒಲೆಯ ಮೇಲೆ ಕರಿ ಹಿಡಿದ ಪಾತ್ರೆ, ಮೇಜಿನ ಮೇಲೆ ಮಗುಚಿದ ಲೋಟ, ಎಂಜಲು ಒಣಗಿ ಕಪ್ಪಾದ ತಟ್ಟೆ, ಎಲ್ಲದರ ಮೇಲೂ ದಪ್ಪಗೆ ಧೂಳು. ಮೂಲೆಯಲ್ಲಿ ಅಪ್ಪ ಮಾಡಿದ ನೀಲಿ ಕಪಾಟು. ಕೆಳಗೆ ಚಂದದ ಅಕ್ಷರದಲ್ಲಿ ‘ಬಿಟ್ಟು ಓಡಿದವರ ಅಡುಗೆಮನೆ, ಹಾರ್ಲನ್’ ಎಂದಿತ್ತು.

ಆರ್ಡಿತ್ ಬಂದಾಗ ಥರ್ಜಾ ಆ ಕಾರ್ಡನ್ನು ಎದೆಯ ಮೇಲೆ ಮಗುಚಿಟ್ಟುಕೊಂಡಿದ್ದಳು, ಯಾರೂ ನೋಡಬಾರದು ಎಂಬಂತೆ.

“ಆರ್ಡಿ, ನೀನು ಹೋಗು. ಹೋಗಿ ಕ್ಲೀನ್ ಮಾಡಿ, ಒಂದು ಫೋಟೋ ತಕ್ಕೊಂಡು ಬಾ. ನಾನು ನೋಡ್ಬೇಕು.”

ಅದೀಗ ನಮ್ಮನೆಯಲ್ಲ, ಹಳೇ ಊರನ್ನು ಕಾಯುವ ಹಾರ್ಲನ್ ಸಂಘದವರ ವಶದಲ್ಲಿದೆ, ಬೀಗ ಹಾಕಿರುತ್ತಾರೆ ಎಂದು ಆರ್ಡಿತ್ ಸಮಾಧಾನ ಹೇಳಲು ಹೋದಳು. ಥರ್ಜಾ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಮರುದಿನ ಸೂಪು ಮುಟ್ಟಲಿಲ್ಲ, ಅದರ ಮರುದಿನ ಮಾತೂ ಆಡಲಿಲ್ಲ. ಅಕ್ಕ ಹೀಗೆ ಗೋಡೆ ನೋಡುತ್ತಲೇ ಹೋಗಿಬಿಟ್ಟರೆ ಎಂದು ಆರ್ಡಿತ್ ಹೆದರಿದಳು. ಊರು ಬಿಟ್ಟಂದಿನಿಂದ ಅವಳು ಹಾರ್ಲನ್‌ಗೆ ಕಾಲಿಟ್ಟಿರಲಿಲ್ಲ. ದೂರವೆಂದಲ್ಲ, ಅಮ್ಮನಿಲ್ಲದ ಆ ಮನೆ ನೋಡಲು ಧೈರ್ಯವಿರಲಿಲ್ಲ. ಈಗ ಕ್ಯಾಮೆರಾಕ್ಕೆ ರೀಲು ಹಾಕಿಸಿಕೊಂಡು, ಚೀಲದಲ್ಲಿ ಎರಡು ಒರೆಸುಬಟ್ಟೆ, ಒಂದು ಗಟ್ಟಿ ಬ್ರಷ್ಷು ಇಟ್ಟುಕೊಂಡು ಹೊರಟಳು.

ಕಾರಿಳಿದೊಡನೆ ಬಿಸಿಲಿಗೆ ಕಾದ ಕುರುಚಲು ಗಿಡಗಳ ಘಾಟು ಮೂಗಿಗೆ ಹೊಡೆಯಿತು. ಕಣ್ಣು ಗುರುತು ಹಿಡಿಯುವ ಮೊದಲೇ ಮೂಗು ಹಿಡಿಯಿತು, ಇದು ಮನೆ ಎಂದು. ಸಾಲು ಮನೆಗಳು ಬಿಸಿಲಿಗೆ ಕಂದು ತಿರುಗಿದ್ದವು, ಬೀದಿಯಲ್ಲಿ ಅರ್ಧ ಮನೆಗಳೇ ಇರಲಿಲ್ಲ. ಅವರ ಮನೆ ಇತ್ತು. ಕಿಟಕಿಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ತನ್ನದೇ ಮನೆ ನೋಡಲು ಆರ್ಡಿತ್ ಸಾಲಿನ ಕೊನೆಯಲ್ಲಿ ನಿಂತಳು. ಮುಂದಿದ್ದ ದೊಡ್ಡ ಟೋಪಿಯ ಹೆಂಗಸು ಗಾಜಿಗೆ ಮೂಗೊತ್ತಿ, ಕ್ಯಾಮೆರಾ ಕ್ಲಿಕ್ಕಿಸಿ, ಗಂಡನ ಕಡೆ ತಿರುಗಿದಳು.

“ಥೂ, ಎಂಥ ಗಲೀಜು ನೋಡ್ರೀ. ಈ ಮನೇಲಿ ಹೆಂಗಸೇ ಇರ್ಲಿಲ್ವೋ ಏನೋ.”

ಆರ್ಡಿತ್‌ಳ ಮೈ ಉರಿಯಿತು. ತನ್ನ ಸರದಿ ಬಂದಾಗ ಫೋಟೋ ತೆಗೆಯಲು ನೋಡಿದರೆ ಗಾಜಿನಲ್ಲಿ ಕಂಡದ್ದು ತನ್ನದೇ ಮುಖ, ಅದರ ಹಿಂದೆ ಆ ಪಾತ್ರೆ, ಆ ತಟ್ಟೆ. ಸಾಲಿನಿಂದ ಹೊರಬಂದವಳೇ ಹಿತ್ತಿಲ ಬಾಗಿಲಿಗೆ ಹೋಗಿ ಹಿಡಿ ತಿರುಗಿಸತೊಡಗಿದಳು.

“ಏನ್ ಮ್ಯಾಡಮ್, ಯಾರಾದ್ರೂ ಒಳಗಿಂದ ತೆಗೀತಾರೆ ಅಂತಾನಾ?”

ಹಿಂದೆ ನಿಂತಿದ್ದವನು ವೆಂಡಲ್ ಸ್ಪ್ರೇಗ್, ಸಂಘದ ಕಾವಲುಗಾರ. ಕಾವಲಿಗಿಂತ ಬಡಗಿಕೆಲಸವೇ ಅವನಿಗೆ ಹೆಚ್ಚು. ಬೀಗದ ಕೈ ಗೊಂಚಲು ಸೊಂಟದಲ್ಲಿ, ಎರಡು ದಿನದ ಗಡ್ಡ, ಬೈಯುವುದಕ್ಕೆ ತಯಾರಾದ ಮುಖ.

“ಹಿಂದೆಲ್ಲ ತೆಗೀತಿದ್ರು,” ಎಂದಳು ಆರ್ಡಿತ್. “ಇದು ನಮ್ಮಮ್ಮನ ಅಡುಗೆಮನೆ.”

ವೆಂಡಲ್ ಟೋಪಿ ತೆಗೆದ. ಅವನಿಗೆ ಬೈಗುಳ ಮರೆತುಹೋಯಿತು. ಅವಳು ಕಾರ್ಡಿನ ಕತೆ, ಅಕ್ಕನ ಕತೆ, ಟೋಪಿ ಹೆಂಗಸಿನ ಕತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಕೇಳಿಸಿಕೊಂಡು, ಗಡ್ಡ ಕೆರೆದುಕೊಂಡು, ಗಿರಾಕಿಗಳೆಲ್ಲ ಗುಡ್ಡ ಇಳಿದುಹೋಗುವ ತನಕ ಕಾದಿರಿ, ಬಾಗಿಲು ತೆಗೆಯುತ್ತೇನೆ ಎಂದ. ಆದರೆ ಚೀಲದಲ್ಲಿ ಇಣುಕುತ್ತಿದ್ದ ಬ್ರಷ್ಷು ಅವನ ಕಣ್ಣಿಗೆ ಬಿತ್ತು.

“ಅದನ್ನ ಕಾರಲ್ಲೇ ಇಟ್ಟು ಬನ್ನಿ. ಇಲ್ಲಿ ನಮ್ಮ ಕೆಲಸ ಇರೋದೇ ಹಾಗೆ. ಮನೆ ಬೀಳೋಕೂ ಬಿಡಬಾರ್ದು, ಚೆನ್ನಾಗಿ ಕಾಣೋಕೂ ಬಿಡಬಾರ್ದು.”

ನಿಜವೇ ಹೇಳಿದ್ದ. ಹಾರ್ಲನ್‌ನಲ್ಲಿ ಕೊಳೆತ ತೊಲೆಯನ್ನು ಬದಲಿಸುತ್ತಾರೆ, ಆದರೆ ಹೊಸ ತೊಲೆಯನ್ನು ಗೋಡೆಯ ಹಿಂದೆ ಕಣ್ಣಿಗೆ ಬೀಳದ ಹಾಗೆ ಕೂರಿಸುತ್ತಾರೆ. ಹಾರಿದ ತಗಡನ್ನು ತುಕ್ಕು ಹಿಡಿದ ತಗಡಿನಿಂದಲೇ ಮುಚ್ಚುತ್ತಾರೆ. ಬಿಟ್ಟವರು ಬಿಟ್ಟ ಕ್ಷಣದಲ್ಲೇ ಊರು ನಿಂತಿದೆ ಎಂದು ನೋಡುವವರಿಗೆ ಅನ್ನಿಸಬೇಕು. ಹಾಗೆ ಅನ್ನಿಸುವುದಕ್ಕೆ ವರ್ಷಪೂರ್ತಿ ಕೆಲಸ.

ಸಂಜೆಯ ಬಿಸಿಲು ಓರೆಯಾದಾಗ ಬಾಗಿಲು ತೆರೆಯಿತು. ಹೆಜ್ಜೆ ಗುರುತು ಮೂಡಬಾರದೆಂದು ವೆಂಡಲ್ ಬಾಗಿಲಿನಿಂದ ಒಲೆಯ ತನಕ ಧೂಳಿನ ಮೇಲೆ ಒಂದು ಉದ್ದ ಹಲಗೆ ಹಾಸಿದ, ಅದರ ಮೇಲಷ್ಟೇ ಕಾಲಿಡಬೇಕೆಂದ. ಆರ್ಡಿತ್ ಒಳಗೆ ಬಂದು ನಿಂತಳು. ಕೋಣೆ ಇಷ್ಟು ಚಿಕ್ಕದಿತ್ತೇ? ಇಲ್ಲಿ ನಾಲ್ಕು ಜನ ಹೇಗೆ ಉಂಡರು, ಅಮ್ಮ ಕೇಸರಿ ಬನ್ನು ಸುಟ್ಟ ದಿನ ಎದುರು ಮನೆಯವರೂ ಬಂದು ಎಲ್ಲಿ ಕೂರುತ್ತಿದ್ದರು? ಕೈ ಮಾತ್ರ ಯಾವುದಕ್ಕೂ ಕಾಯಲಿಲ್ಲ. ಅವಳಿಗೆ ಅರಿವಾಗುವ ಮೊದಲೇ ಅದು ಮಗುಚಿದ ಲೋಟವನ್ನು ನೆಟ್ಟಗೆ ನಿಲ್ಲಿಸಿ, ಸೆರಗಿನಂತೆ ಇಳಿಬಿಟ್ಟಿದ್ದ ಸ್ಕಾರ್ಫಿನ ಅಂಚಿನಿಂದ ಒರೆಸಲು ಶುರುಮಾಡಿತ್ತು.

“ಕೈ, ಕೈ,” ಎಂದ ವೆಂಡಲ್, ಮಕ್ಕಳಿಗೆ ಹೇಳುವಂತೆ.

ಅವಳು ಲೋಟವನ್ನು ಮತ್ತೆ ಮಗುಚಿಟ್ಟಳು. ಆಮೇಲೆ ಅದನ್ನೇ ದಿಟ್ಟಿಸಿದಳು, ತಟ್ಟೆಯನ್ನು ದಿಟ್ಟಿಸಿದಳು, ಒಲೆಯ ಮೇಲಿನ ಪಾತ್ರೆಯನ್ನು ದಿಟ್ಟಿಸಿದಳು.

“ಇದ್ಯಾವುದೂ ನಮ್ದಲ್ಲ.”

ವೆಂಡಲ್ ಮುಖ ಸ್ವಲ್ಪ ಪೆಚ್ಚಾಯಿತು. ಸಂಘದವರು ಬಂದಾಗ ಈ ಅಡುಗೆಮನೆಯಲ್ಲಿ ಒಲೆ, ಮೇಜು, ಕಪಾಟು ಬಿಟ್ಟರೆ ಏನೂ ಇರಲಿಲ್ಲವಂತೆ. ಗಾಜಿನಿಂದ ನೋಡುವವರಿಗೆ ಬರೀ ಖಾಲಿ ಕೋಣೆ ತೋರಿಸಿದರೆ ಏನು ಚೆಂದ ಎಂದು ಪಾತ್ರೆಯನ್ನು ಕೂಲಿಯವರ ಊಟದಮನೆಯಿಂದ, ತಟ್ಟೆ ಲೋಟಗಳನ್ನು ಹೆಂಡದಂಗಡಿಯಿಂದ ತಂದಿಟ್ಟರಂತೆ. ಧೂಳು? ಧೂಳು ಬಹುಪಾಲು ತಾನಾಗಿಯೇ ಕೂತದ್ದು. ಇಲಿ ಓಡಿದ ಗುರುತು, ಕೆಲಸದವರ ಬೂಟಿನ ಗುರುತು ಮೂಡಿದರೆ ಮಾತ್ರ ದಾರಿಯ ಮಣ್ಣನ್ನು ನಯವಾಗಿ ಉದುರಿಸಿ ಮುಚ್ಚುತ್ತಾರೆ. ಯಾವುದರಲ್ಲಿ ಉದುರಿಸುತ್ತೀರಿ ಎಂದು ಆರ್ಡಿತ್ ಕೇಳಿದಳು. ವೆಂಡಲ್ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದ್ದುದನ್ನು ತೋರಿಸಿದ. ಹಿಟ್ಟಿನ ಜರಡಿ.

ಆರ್ಡಿತ್‌ಗೆ ನಗು ಬಂತು. ನಗುತ್ತ ನಗುತ್ತ ಅದು ಅಳುವಾಯಿತು. “ನಮ್ಮಮ್ಮನ ಅಡುಗೆಮನೇಲಿ ಜರಡಿ ಹಿಡಿದು ಮಣ್ಣು ಹಾಕ್ತೀರಲ್ರೀ. ಅವಳು ಇದ್ದಿದ್ರೆ ನಿಮ್ಮನ್ನೇ ಒಲೆಗೆ ಹಾಕ್ತಿದ್ಲು.”

“ಹಾಕ್ತಿದ್ರು,” ಎಂದು ವೆಂಡಲ್ ಒಪ್ಪಿಕೊಂಡ.

ಆದರೆ ಇದರಿಂದ ಥರ್ಜಾಗೆ ಏನು ಕೊಟ್ಟಂತಾಯಿತು? ಅದು ನಮ್ಮ ತಟ್ಟೆಯಲ್ಲವಂತೆ ಎಂದು ಹೇಳಬಹುದು. ಗೋಡೆ ಕಡೆ ತಿರುಗಿದವಳಿಗೆ ಮಾತು ಸಾಲದು, ಅವಳು ನೋಡಬೇಕೆಂದಿದ್ದಾಳೆ. ಒರೆಸುವಂತಿಲ್ಲ, ಗುಡಿಸುವಂತಿಲ್ಲ, ಯಾವ ಕಡೆಯಿಂದ ಕ್ಯಾಮೆರಾ ಹಿಡಿದರೂ ಬೀಳುವುದು ಆ ಕಾರ್ಡಿನ ಚಿತ್ರವೇ. ಕಪಾಟನ್ನಾದರೂ ಹಿಡಿಯೋಣ, ಅದಾದರೂ ಅಪ್ಪನ ಕೈಯದ್ದು ಎಂದುಕೊಂಡು ಅವಳು ಹಲಗೆಯ ಮೇಲೆ ಮೊಣಕಾಲೂರಿದಳು. ಒಂದು ಫೋಟೋ ಹೊಡೆದಳು. ಏಳಲು ಹೋದಾಗ ಮೊಣಕಾಲು ಕೈಕೊಟ್ಟಿತು. ಬೀಳದಿರಲು ಅಂಗೈಯನ್ನು ನೆಲಕ್ಕೆ ಊರಿದಳು, ಅಂಗೈ ಜಾರಿ ಧೂಳಿನಲ್ಲಿ ಒಂದು ಮೊಳ ಉದ್ದ ಗೀರಿತು.

“ಅಯ್ಯೋ, ಪೆಟ್ಟಾಯ್ತಾ?” ಎಂದು ವೆಂಡಲ್ ಧಾವಿಸಿದ. ಅವಳು ನೆಲವನ್ನೇ ನೋಡುತ್ತಿದ್ದಳು.

ಅಂಗೈ ಗೀರಿದ ಜಾಗದಲ್ಲಿ ನೆಲ ಬಿಳಿಯಾಗಿತ್ತು.

ಕಂದಲ್ಲ, ಬೂದಿಯಲ್ಲ, ಬಿಳಿ. ಮರಳಿಟ್ಟು ಉಜ್ಜಿ ಉಜ್ಜಿ ಮೆತ್ತನೆಯ ಮರವೆಲ್ಲ ಸವೆದು, ಗೆರೆಗಳು ಮಾತ್ರ ನರಗಳಂತೆ ಎದ್ದು ನಿಂತ ಪೈನ್ ಹಲಗೆ. ಹೊರಗೆ ಇಡೀ ಊರು ಬಿಸಿಲಿಗೆ ಕಂದಿತ್ತು, ಈ ನೆಲವನ್ನು ಮಾತ್ರ ಧೂಳೇ ಹೊದಿಕೆಯಾಗಿ ಕಾದಿತ್ತು. ಆರ್ಡಿತ್ ಒಮ್ಮೆ ವೆಂಡಲ್‌ನ ಮುಖ ನೋಡಿದಳು. ಅವನು ಕಿಟಕಿಯಾಚೆ ನೋಡುತ್ತ, ಗಾಳಿ ಎದ್ದಿದೆ, ಮೇಲಿನ ಕೊಟ್ಟಿಗೆ ಬಾಗಿಲು ಹಾಕಿದೆಯೋ ಇಲ್ಲವೋ ನೋಡಿ ಬರುತ್ತೇನೆ ಎಂದು ಹೇಳಿ ಹೊರಟುಹೋದ. ಕೊಟ್ಟಿಗೆಯ ಬಾಗಿಲು ಹಾಕಿಯೇ ಇತ್ತು.

ಅವಳು ಸ್ಕಾರ್ಫ್ ಬಿಚ್ಚಿ, ಮೇಜಿನ ಕಾಲಿನಿಂದ ಹೊಸ್ತಿಲಿನ ತನಕ, ಬಾಗಿಲಗಲಕ್ಕೆ ಧೂಳು ಸರಿಸಿದಳು, ಗೋಡೆಯ ಮೂಲೆಯನ್ನೂ ಒರೆಸಿದಳು. ಉದ್ದಕ್ಕೂ ಬಿಳಿ, ಮೂಲೆಯಲ್ಲೂ ಬಿಳಿ. ಅಮ್ಮನ ಮೇಲೆ ಪ್ರೀತಿ ಉಕ್ಕಿ ಬಂದು ಅಲ್ಲೇ ಕೆನ್ನೆಯಿಟ್ಟು ಮಲಗೋಣ ಅನ್ನಿಸಿತು. ಮಲಗಲಿಲ್ಲ, ಕ್ಯಾಮೆರಾ ಎತ್ತಿಕೊಂಡಳು. ನೆಂಟರಿಷ್ಟರ ತಲೆಯೆಲ್ಲ ಕತ್ತರಿಸಿ ನೆಲವನ್ನೇ ತೆಗೆದು ಅಭ್ಯಾಸವಾದ ಕೈ ಅದು, ಈ ಸಲ ನೆಲವನ್ನು ತೆಗೆಯಲೆಂದೇ ತೆಗೆಯಿತು. ರೀಲು ಮುಗಿಯುವ ತನಕ ಹೊಡೆದಳು.

ವೆಂಡಲ್ ಹಿಂತಿರುಗಿ ಬಾಗಿಲಲ್ಲಿ ನಿಂತ. ಬಿಳಿ ಪಟ್ಟೆಯನ್ನು ನೋಡಿದ. ಬೆಳಿಗ್ಗೆ ಸಂಘದವರು ಬರುತ್ತಾರೆ ಎಂದಷ್ಟೇ ಹೇಳಿ ಜರಡಿಗೆ ಕೈ ಹಾಕಿದ. ಆರ್ಡಿತ್ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಅನ್ಯರ ಕೈಯಿಂದ ಅಲ್ಲಿ ಮಣ್ಣು ಬೀಳುವುದು ಅವಳಿಗೆ ಬೇಡವಾಗಿತ್ತು. ಬನ್ನಿನ ಮೇಲೆ ಸಕ್ಕರೆ ಪುಡಿ ಉದುರಿಸುವ ಹಾಗೆ ಅಂಗೈಗೆ ಮೆಲ್ಲಗೆ ತಟ್ಟಿ ತಟ್ಟಿ, ಅಮ್ಮನ ನೆಲವನ್ನು ತಾನೇ ಮುಚ್ಚಿದಳು. ಬಾಳೆಲ್ಲ ಧೂಳು ತೆಗೆದವಳು ಮೊದಲ ಸಲ ಧೂಳು ಹಾಕಿದಳು.

ಫೋಟೋ ತೊಳೆದು ಬರುವ ತನಕ ಅವಳಿಗೆ ನೆಮ್ಮದಿಯಿರಲಿಲ್ಲ. ಕವರು ಕೈಗೆ ಬಂದೊಡನೆ ಅಂಗಡಿಯಲ್ಲೇ ಬಿಚ್ಚಿ ನೋಡಿದಳು. ನೇರವಾಗಿ ಆರೈಕೆಮನೆಗೆ ಹೋಗಿ, ಗೋಡೆಯ ಕಡೆ ತಿರುಗಿದ್ದ ಅಕ್ಕನ ಕಣ್ಣೆದುರಿಗೆ, ಗೋಡೆಗೇ ಒರಗಿಸಿ ಒಂದು ಫೋಟೋ ಇಟ್ಟಳು. ತಟ್ಟೆ ಪಾತ್ರೆಗಳು ನಮ್ಮವಲ್ಲ, ಬೇರೆ ಕಡೆಯಿಂದ ತಂದಿಟ್ಟದ್ದು ಎಂದು ಹೇಳಿದಳು. ಧೂಳಿನ ಕೆಳಗೆ ನೆಲ ಹೀಗಿದೆ ಎಂದು ಹೇಳಿದಳು.

“ನೋಡು ಥರ್ಜಾ. ಅಮ್ಮ ಅವತ್ತು ಉಜ್ಜಿದ್ದು ಹಾಗೇ ಇದೆ.”

ಥರ್ಜಾ ತಲೆಯೆತ್ತಿ ನೋಡಿದಳು. ಬಾತ ಬೆರಳನ್ನು ಎತ್ತಿ ಫೋಟೋದ ಮೇಲೆ ಹಲಗೆಯ ಗೆರೆಗುಂಟ ಎಳೆದಳು. ಮೇಜಿನ ಕಾಲಿನಿಂದ ಹೊಸ್ತಿಲಿನ ತನಕ.

“ಅಮ್ಮ ಅಲ್ಲ,” ಎಂದಳು. ದಿನಗಟ್ಟಲೆ ಮಾತಾಡದ ಗಂಟಲು ಒಡೆದಿತ್ತು. “ಅವತ್ತು ಅವಳಿಗೆ ಮಂಡಿ ಊರೋಕಾಗ್ಲಿಲ್ಲ ಆರ್ಡಿ. ಕಾಲು ನನ್ನ ಹಾಗೇ ಬಾತಿತ್ತು. ಅಪ್ಪನಿಗೂ ಹೇಳಿರ್ಲಿಲ್ಲ. ಕುರ್ಚಿ ಮೇಲೆ ಕೂತ್ಕೊಂಡು, ಅಲ್ಲಿ ಉಜ್ಜು, ಇಲ್ಲಿ ಉಜ್ಜು ಅಂತ ತೋರಿಸಿದ್ಲು. ಉಜ್ಜಿದ್ದು ನಾನು.”

ಆರ್ಡಿತ್ ಬೆಕ್ಕನ್ನು ಹಿಡಿದು ಲಾರಿಯಲ್ಲಿ ಕುಳಿತಿದ್ದವಳು. ಅವಳು ಕಂಡದ್ದು ಕೊನೆಗೆ ಬಕೆಟ್ಟು ಹಿಡಿದು ಹೊರಬಂದ ಅಮ್ಮನನ್ನು ಮಾತ್ರ. ಬೀದಿಯವರು ನೋಡುತ್ತಿದ್ದಾರೆ, ಬಕೆಟ್ಟು ನನ್ನ ಕೈಗೆ ಕೊಡು ಎಂದು ಬಾಗಿಲಲ್ಲಿ ಅಮ್ಮ ಹೇಳಿದಳಂತೆ. ಥರ್ಜಾ ಕೊಟ್ಟಳು. ಅಂದು ಮುಚ್ಚಿದ ಬಾಯಿಯನ್ನು ಇಂದಿನ ತನಕ ತೆರೆದಿರಲಿಲ್ಲ.

“ಕೆಲಸ ಆದ್ಮೇಲೆ ನೆಲ ನೋಡಿದ್ಲು. ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ಎದ್ದು ಹೊರಟುಬಿಟ್ಲು. ನಾನೆಲ್ಲೋ ಒಂದು ಮೂಲೆ ಬಿಟ್ಟೆ ಅಂತ್ಲೇ ಅಂದ್ಕೊಂಡಿದ್ದೆ.”

ಇಷ್ಟು ಕಾಲ ಒಂದೇ ಪೇಟೆಯಲ್ಲಿ, ಒಂದೇ ಮೇಜಿನಲ್ಲಿ ಎಷ್ಟು ಸಲ ಉಂಡಿದ್ದರು, ಅಮ್ಮನ ಆ ಕೊನೆಯ ಬಕೆಟ್ಟಿನ ಕತೆಯನ್ನು ಆರ್ಡಿತ್ ಎಷ್ಟು ಹೆಮ್ಮೆಯಿಂದ ಹೇಳಿದ್ದಳು, ಅಕ್ಕ ಪ್ರತಿ ಸಲವೂ ತಲೆದೂಗಿ ಕೇಳಿದ್ದಳು. ಆರ್ಡಿತ್ ಕವರಿನಿಂದ ಉಳಿದ ಫೋಟೋಗಳನ್ನೂ ತೆಗೆದು ಹಾಸಿಗೆಯ ಮೇಲೆ ಒಂದೊಂದಾಗಿ ಹರಡಿದಳು. ಹೊಸ್ತಿಲು, ಮೇಜಿನ ಕಾಲು, ಗೋಡೆಯ ಮೂಲೆ.

“ಮೂಲೇನೂ ಒರೆಸಿ ನೋಡಿದೀನಿ,” ಎಂದಳು. “ಎಲ್ಲೂ ಬಿಟ್ಟಿಲ್ಲ ನೀನು. ಬೆಳ್ಳಗಿದೆ.”

ಥರ್ಜಾ ಮೂಲೆಯ ಫೋಟೋವನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಆರ್ಡಿತ್ ಆ ಕೈಯ ಕೆಳಗೆ ತನ್ನ ಕೈ ಕೊಟ್ಟಳು.

“ಹಾಗಾದ್ರೆ ಬೆಳ್ಳಗಾಗಿದ್ದು ಅವಳು ನೋಡಿದಾಳೆ,” ಎಂದಳು ಥರ್ಜಾ. “ನೋಡಿದಾಳೆ, ಹೇಳ್ಲಿಲ್ಲ ಅಷ್ಟೇ.”